ಮೂರು ಗೆರೆ ಒಂದೇ ಚುಕ್ಕಿಗೆ ಬರುತ್ತಿಲ್ಲವೇ? ತ್ರಿಭುಜದ ಮಧ್ಯರೇಖೆ ಮತ್ತು ಕೇಂದ್ರಗಳ ದೋಷ ನಿವಾರಣೆ

ಹಾಸನದ ಕಡೆಯ ಯಾವ ಹೈಸ್ಕೂಲಿಗೆ ಹೋದರೂ ತ್ರಿಭುಜದ ರಚನೆ ಮಾಡಿಸುವ ದಿನ ಕೇಳಿಬರುವ ದೂರು ಒಂದೇ: "ಸಾರ್, ಮೂರೂ ಗೆರೆ ಒಂದೇ ಚುಕ್ಕಿಗೆ ಬರ್ತಿಲ್ಲ." ದೂರಿನ ಬೆನ್ನಿಗೇ ನಡೆಯುವ ಕಳ್ಳಾಟವೂ ಒಂದೇ. ಮೂರನೇ ಗೆರೆಯನ್ನು ಕೂದಲೆಳೆಯಷ್ಟು ವಾಲಿಸಿ, ಮೊದಲೆರಡು ಸೇರಿದ ಚುಕ್ಕಿಯ ಮೇಲೆ ಹಾಯಿಸಿಬಿಡುವುದು. ಚಿತ್ರ ಅಚ್ಚುಕಟ್ಟಾಗಿ ಕಾಣುತ್ತದೆ, ತಪ್ಪು ಮಾತ್ರ ಒಳಗೇ ಕೂತಿರುತ್ತದೆ. ಎರಡು ಗೆರೆ ಎಲ್ಲೋ ಒಂದು ಕಡೆ ಸೇರಲೇಬೇಕು, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಮೂರನೆಯದನ್ನು ಎಳೆಯುವುದೇ ಮೊದಲೆರಡನ್ನು ತಪಾಸಣೆ ಮಾಡಲಿಕ್ಕೆ. ಅದು ಸೇರದೆ ಉಳಿದ ಪುಟ್ಟ ಸಂದಿಯನ್ನು ಅಳಿಸಬೇಡಿ. ತಪ್ಪು ಎಲ್ಲಿದೆ ಎಂದು ಹೇಳುವುದು ಆ ಸಂದಿಯೇ.

ಪರೀಕ್ಷೆಗೆ ಒಂದು ತ್ರಿಭುಜ

ದೋಷ ಹುಡುಕುವವರ ಕೈಯಲ್ಲಿ ಉತ್ತರ ಮೊದಲೇ ಗೊತ್ತಿರುವ ಒಂದು ತ್ರಿಭುಜ ಇರಬೇಕು. 13, 14, 15 ಸೆಂಟಿಮೀಟರ್ ಬಾಹುಗಳದ್ದು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಉದ್ದ ನೋಟ್‌ಬುಕ್ಕಿನ ಪುಟದಲ್ಲಿ ಹಿಡಿಸುತ್ತದೆ, ಲೆಕ್ಕವೂ ಸಲೀಸು.

ಅಡ್ಡಕ್ಕೆ ಬ-ಕ 14 ಸೆಂ.ಮೀ. ಎಳೆಯಿರಿ. ಬ ಬಿಂದುವಿನಿಂದ 13, ಕ ಬಿಂದುವಿನಿಂದ 15 ಸೆಂ.ಮೀ. ಕಂಸ ಹಾಕಿ. ಅವು ಕತ್ತರಿಸಿದಲ್ಲಿ ಅ. ಈಗ ಅ ಇಂದ ಬ-ಕ ಮೇಲೆ ಲಂಬ ಇಳಿಸಿದರೆ ಅದರ ಉದ್ದ 12 ಸೆಂ.ಮೀ. ಇರಬೇಕು, ಪಾದ ಬ ಇಂದ 5 ಸೆಂ.ಮೀ. ದೂರಕ್ಕೆ ಬೀಳಬೇಕು. ಇಲ್ಲೇ 2 ಮಿ.ಮೀ. ಹೆಚ್ಚುಕಮ್ಮಿ ಬಂದರೆ ಮುಂದಕ್ಕೆ ಹೋಗಬೇಡಿ. ಕೈವಾರದ ತಿರುಪು ಸಡಿಲವಾಗಿದೆ, ಇಲ್ಲವೇ ಅಳತೆಪಟ್ಟಿಯ ಸೊನ್ನೆಯಿಂದ ಅಳೆಯದೆ ಪಟ್ಟಿಯ ಅಂಚಿನಿಂದ ಅಳೆದಿದ್ದೀರಿ. ಮರದ ಸ್ಕೇಲುಗಳಲ್ಲಿ ಸೊನ್ನೆಯ ಗೀಟು ಅಂಚಿನಿಂದ ಸ್ವಲ್ಪ ಒಳಗಿರುತ್ತದೆ. ತುದಿ ಮುರಿದ ಪ್ಲಾಸ್ಟಿಕ್ ಸ್ಕೇಲಾದರೆ 1ರಿಂದ ಶುರುಮಾಡಿ, ಕೊನೆಗೆ 1 ಕಳೆಯುವುದನ್ನು ಮರೆಯಬೇಡಿ.

ಬ-ಕ ಮಧ್ಯಬಿಂದು ಮ, ಅ-ಕ ಮಧ್ಯಬಿಂದು ನ, ಅ-ಬ ಮಧ್ಯಬಿಂದು ಪ ಎಂದಿಟ್ಟುಕೊಳ್ಳಿ. ಮಧ್ಯರೇಖೆ ಎಂದರೆ ಶೃಂಗದಿಂದ, ಅಂದರೆ ತ್ರಿಭುಜದ ಮೂಲೆಯಿಂದ, ಎದುರು ಬಾಹುವಿನ ಮಧ್ಯಬಿಂದುವಿಗೆ ಎಳೆದ ಗೆರೆ. ಅವುಗಳ ಉದ್ದ ಹೀಗೆ ಬರಬೇಕು: ಅ-ಮ 12.17, ಬ-ನ 11.24, ಕ-ಪ 12.97 ಸೆಂ.ಮೀ. ಬ ಇಂದ ಅಡ್ಡಕ್ಕೆ ಎಷ್ಟು, ಬ-ಕ ಇಂದ ಮೇಲಕ್ಕೆ ಎಷ್ಟು ಎಂದು ಅಳೆದರೆ ನಾಲ್ಕು ಕೇಂದ್ರಗಳ ಜಾಗ ಇದು:

ಗುರುತ್ವಕೇಂದ್ರ (ಮಧ್ಯರೇಖೆಗಳು ಸೇರುವಲ್ಲಿ): ಅಡ್ಡಕ್ಕೆ 6.33, ಮೇಲಕ್ಕೆ 4
ಅಂತಃಕೇಂದ್ರ (ಕೋನಾರ್ಧಕಗಳು ಸೇರುವಲ್ಲಿ): 6, 4
ಪರಿಕೇಂದ್ರ (ಬಾಹುಗಳ ಲಂಬಾರ್ಧಕಗಳು ಸೇರುವಲ್ಲಿ): 7, 4.125
ಲಂಬಕೇಂದ್ರ (ಶೃಂಗಗಳಿಂದ ಇಳಿಸಿದ ಲಂಬಗಳು ಸೇರುವಲ್ಲಿ): 5, 3.75

ನಾಲ್ಕೂ ಎರಡು ಸೆಂಟಿಮೀಟರ್ ಅಗಲದೊಳಗೇ ಗುಂಪುಗಟ್ಟಿವೆ. ಗುರುತ್ವಕೇಂದ್ರಕ್ಕೂ ಅಂತಃಕೇಂದ್ರಕ್ಕೂ ನಡುವೆ ಇರುವುದು ಮೂರೂಕಾಲು ಮಿಲಿಮೀಟರ್ ಅಷ್ಟೆ. ಇದೇ ತ್ರಿಭುಜವನ್ನು ಅರ್ಧ ಅಳತೆಗೆ ಇಳಿಸಿ ಎಳೆದರೆ ಆ ಅಂತರ ಒಂದೂವರೆ ಮಿಲಿಮೀಟರ್ ಚಿಲ್ಲರೆಗೆ ಇಳಿಯುತ್ತದೆ, ಮೊಂಡು ಪೆನ್ಸಿಲಿನ ಎರಡು ಗೀಟುಗಳಷ್ಟು. ಪುಟ ಉಳಿಸಲು ಚಿಕ್ಕದಾಗಿ ಎಳೆದವರು ಒಂದು ಕೇಂದ್ರವನ್ನು ಇನ್ನೊಂದು ಎಂದು ಗುರುತಿಸಿದರೆ ಆಶ್ಚರ್ಯವಿಲ್ಲ. ಬಾಹುಗಳು ಹೆಚ್ಚುಕಮ್ಮಿ ಸಮ ಇದ್ದಷ್ಟೂ ಈ ಗುಂಪು ಇನ್ನೂ ಹತ್ತಿರಕ್ಕೆ ಬರುತ್ತದೆ, ಸಮಬಾಹುವಿನಲ್ಲಿ ನಾಲ್ಕೂ ಒಂದೇ ಚುಕ್ಕಿ. ಕೇಂದ್ರಗಳ ವ್ಯತ್ಯಾಸ ಕಲಿಸಲು ಸಮಬಾಹುವಿಗಿಂತ ಕೆಟ್ಟ ಉದಾಹರಣೆ ಬೇರೆ ಇಲ್ಲ.

ಲಕ್ಷಣ: ಮಧ್ಯರೇಖೆಗಳು ಸೇರದೆ ನಡುವೆ ಪುಟ್ಟ ತ್ರಿಭುಜ ಉಳಿದಿದೆ

ಮೊದಲು ಅದರ ಗಾತ್ರ ನೋಡಿ. ಚೂಪು ಪೆನ್ಸಿಲಿನಲ್ಲಿ ಎಳೆದ ಚಿತ್ರದಲ್ಲಿ ಒಂದು ಮಿ.ಮೀ. ಒಳಗಿನ ಸಂದಿ ಗೆರೆಯ ದಪ್ಪದಿಂದ ಬಂದದ್ದು, ಬಿಟ್ಟುಬಿಡಿ. ಎರಡು ಮಿ.ಮೀ. ದಾಟಿದರೆ ಯಾವುದೋ ಮಧ್ಯಬಿಂದು ಜರುಗಿದೆ.

ಬಾಹುಗಳ ಅಳತೆ ತಪ್ಪಿರಬಹುದೇ ಎಂದು ತಡಕಾಡುತ್ತಾ ಕೂರಬೇಡಿ. ಮಧ್ಯರೇಖೆಗಳು ಯಾವ ತ್ರಿಭುಜದಲ್ಲಾದರೂ ಸೇರುತ್ತವೆ. 13 ಇರಬೇಕಾದ ಬಾಹು 12.6 ಆಗಿದ್ದರೆ ಅದು ಬೇರೆ ತ್ರಿಭುಜ ಆಯಿತೇ ಹೊರತು ಗೆರೆಗಳು ಚದುರುವುದಿಲ್ಲ. ಚದುರಿದ್ದರೆ ದೋಷ ಮಧ್ಯಬಿಂದುವಿನಲ್ಲಿ, ಇಲ್ಲವೇ ಸ್ಕೇಲನ್ನು ಬಿಂದುವಿಗೆ ತಾಗಿಸಿ ಇಟ್ಟ ರೀತಿಯಲ್ಲಿ.

ಯಾವ ಗೆರೆ ಕೆಟ್ಟದ್ದು ಎಂದು ಹಿಡಿಯಲು 2:1 ಸಾಕು. ಗುರುತ್ವಕೇಂದ್ರ ಪ್ರತಿ ಮಧ್ಯರೇಖೆಯನ್ನೂ ಶೃಂಗದ ಕಡೆಗೆ ಎರಡು ಪಾಲು, ಬಾಹುವಿನ ಕಡೆಗೆ ಒಂದು ಪಾಲು ಬರುವಂತೆ ಕತ್ತರಿಸುತ್ತದೆ. ಪುಟ್ಟ ತ್ರಿಭುಜದ ಒಂದೊಂದು ಮೂಲೆಯಲ್ಲೂ ಎರಡೆರಡು ಗೆರೆಗಳು ಸೇರಿರುತ್ತವೆ. ಯಾವ ಮೂಲೆ ತನ್ನ ಎರಡು ಗೆರೆಗಳ ಮೇಲೂ ಮೂರನೇ ಎರಡರಷ್ಟು ದೂರದಲ್ಲಿದೆಯೋ ಆ ಮೂಲೆಯೇ ನಿಜವಾದ ಗುರುತ್ವಕೇಂದ್ರ. ಅಲ್ಲಿಗೆ ಬಾರದ ಮೂರನೇ ಗೆರೆ ತಪ್ಪಿತಸ್ಥ.

ಲೆಕ್ಕ ಹಾಕಿಯೇ ನೋಡೋಣ. ಬ-ಕ ಮಧ್ಯಬಿಂದುವನ್ನು 7ಕ್ಕೆ ಗುರುತಿಸುವ ಬದಲು 7.3ಕ್ಕೆ ಗುರುತಿಸಿದ್ದೀರಿ ಎನ್ನಿ. ಬ-ನ ಗೆರೆಯ ಮೇಲೆ ಬ ಇಂದ ಎರಡು ಛೇದಗಳು ಸಿಗುತ್ತವೆ, 7.5ಕ್ಕೊಂದು, 7.7ಕ್ಕೊಂದು. ಬ-ನ ಉದ್ದ 11.24, ಅದರ ಮೂರನೇ ಎರಡು 7.49. ಅಂದರೆ 7.5ರ ಛೇದ ಸರಿ. ಕ-ಪ ಮೇಲೆ ಕ ಇಂದ 8.65ಕ್ಕೊಂದು, 8.4ಕ್ಕೊಂದು. 12.97ರ ಮೂರನೇ ಎರಡು 8.65. ಎರಡು ಗೆರೆಗಳ ಮೇಲೂ ಸರಿ ಬಂದ ಛೇದ ಬ-ನ, ಕ-ಪ ಸೇರುವ ಮೂಲೆಯೇ. ಆದ್ದರಿಂದ ಅ ಇಂದ ಬಂದ ಗೆರೆಯನ್ನು ಅಳಿಸಿ, ಮ ಬಿಂದುವನ್ನು ಮತ್ತೆ ಗುರುತಿಸಿ. ಬಾಹುವಿನ ಮೇಲೆ 3 ಮಿ.ಮೀ. ತಪ್ಪಿದ್ದು ಕೇಂದ್ರದ ಹತ್ತಿರ 2 ಮಿ.ಮೀ. ಆಗಿ ಕಾಣುತ್ತದೆ, ಏಕೆಂದರೆ ಅ ಇಂದ ಕೇಂದ್ರಕ್ಕೆ ಮೂರನೇ ಎರಡು ದಾರಿ ಮಾತ್ರ. ಸಂದಿಯ ಒಂದೂವರೆ ಪಟ್ಟು ಎಂದರೆ ಮಧ್ಯಬಿಂದುವಿನ ತಪ್ಪು ಅಂದಾಜಿಗೆ ಸಿಕ್ಕಿತು.

2:1 ಎಲ್ಲಿಂದ ಬಂತು ಎಂದು ತಿಳಿದಿದ್ದರೆ ಅದನ್ನು ತಿರುವುಮುರುವು ಮಾಡುವ ಭಯವಿಲ್ಲ. ಮ ಮತ್ತು ನ ಮಧ್ಯಬಿಂದುಗಳನ್ನು ಸೇರಿಸಿ. ಆ ಗೆರೆ ಅ-ಬ ಬಾಹುವಿಗೆ ಸಮಾಂತರ, ಅದರ ಅರ್ಧದಷ್ಟು ಉದ್ದ. ಕೇಂದ್ರದ ಒಂದು ಕಡೆ ಅ-ಬ ಪಾದವಾಗಿರುವ ತ್ರಿಭುಜ, ಇನ್ನೊಂದು ಕಡೆ ಮ-ನ ಪಾದವಾಗಿರುವ ತ್ರಿಭುಜ. ಎರಡೂ ಸಮರೂಪ. ಒಂದರ ಪಾದ ಇನ್ನೊಂದರ ಎರಡರಷ್ಟು, ಆದ್ದರಿಂದ ಉಳಿದ ಬಾಹುಗಳೂ ಎರಡರಷ್ಟು. ದೊಡ್ಡ ಪಾಲು ಶೃಂಗದ ಕಡೆಗೇ ಬರಬೇಕು.

ಲಕ್ಷಣ: ಮೂರೂ ಗೆರೆ ಚೆನ್ನಾಗಿ ಸೇರಿವೆ, ಆದರೆ 2:1 ಬರುತ್ತಿಲ್ಲ

ಇದು ಮೇಲಿನದಕ್ಕಿಂತ ಅಪಾಯದ ದೋಷ. ನೋಡಲು ಎಲ್ಲವೂ ಸರಿ ಇರುತ್ತದೆ, ಎಳೆದವರು ಮಾತ್ರ ಬೇರೆಯೇ ಗೆರೆ ಎಳೆದಿರುತ್ತಾರೆ. ಕೋನಾರ್ಧಕಗಳೂ ಸೇರುತ್ತವೆ, ಲಂಬಗಳೂ ಸೇರುತ್ತವೆ. ಸೇರಿದ ಮಾತ್ರಕ್ಕೆ ಅದು ಗುರುತ್ವಕೇಂದ್ರ ಆಗಲಿಲ್ಲ.

ಗೆರೆ ಎದುರು ಬಾಹುವಿಗೆ ಎಲ್ಲಿ ಮುಟ್ಟಿದೆ ಎಂದು ಅಳೆಯಿರಿ. ನಮ್ಮ ತ್ರಿಭುಜದಲ್ಲಿ ಅ ಇಂದ ಬ-ಕ ಮೇಲೆ ಲಂಬದ ಪಾದ ಬ ಇಂದ 5 ಸೆಂ.ಮೀ., ಕೋನಾರ್ಧಕದ ಪಾದ 6.5 ಸೆಂ.ಮೀ., ಮಧ್ಯರೇಖೆಯ ಪಾದ 7 ಸೆಂ.ಮೀ. ಕೋನಾರ್ಧಕ ಎದುರು ಬಾಹುವನ್ನು ಅಕ್ಕಪಕ್ಕದ ಬಾಹುಗಳ ಅನುಪಾತದಲ್ಲಿ ಕತ್ತರಿಸುತ್ತದೆ, ಇಲ್ಲಿ 13:15, ಅಂದರೆ 6.5 ಮತ್ತು 7.5. ಈ ಮೂರೂ ಬೇರೆಬೇರೆ ಬಿದ್ದಾಗ ಕೋನಾರ್ಧಕ ಯಾವಾಗಲೂ ಲಂಬಕ್ಕೂ ಮಧ್ಯರೇಖೆಗೂ ನಡುವೆಯೇ ಇರುತ್ತದೆ. ನಿಮ್ಮ ಚಿತ್ರದಲ್ಲಿ ಕ್ರಮ ಬದಲಾಗಿದ್ದರೆ ಒಂದನ್ನು ಖಂಡಿತ ತಪ್ಪಾಗಿ ಎಳೆದಿದ್ದೀರಿ.

ಸಮದ್ವಿಬಾಹುವಿನಲ್ಲಿ ಮಾತ್ರ ತುದಿಯ ಶೃಂಗದಿಂದ ಬರುವ ಮಧ್ಯರೇಖೆ, ಲಂಬ, ಕೋನಾರ್ಧಕ ಮೂರೂ ಒಂದರ ಮೇಲೊಂದು ಕೂರುತ್ತವೆ. ಸಕಲೇಶಪುರ, ಮೂಡಿಗೆರೆ ಕಡೆಯ ಎರಡು ಇಳಿಜಾರಿನ ಹೆಂಚಿನ ಮನೆಯ ಪಕ್ಕದ ಗೋಡೆ ನೋಡಿ. ಮಾಡಿನ ಕೆಳಗಿನ ತ್ರಿಕೋನದಲ್ಲಿ ತುದಿಯಿಂದ ತೂಗುಗುಂಡು ಬಿಟ್ಟರೆ ದಾರ ಗೋಡೆಯ ಸರಿ ಮಧ್ಯಕ್ಕೇ ಬರುತ್ತದೆ. ಇದನ್ನೇ ನೋಡಿ ರೂಢಿಯಾದ ಕಣ್ಣು ಬೇರೆ ತ್ರಿಭುಜದಲ್ಲೂ ಲಂಬ ಎಂದರೆ ಮಧ್ಯಕ್ಕೆ ಬೀಳುವುದು ಎಂದುಕೊಳ್ಳುತ್ತದೆ. ಬೇಗ ಎಳೆಯುವವರ ಬಹುಪಾಲು ತಪ್ಪುಗಳ ಬೇರು ಇದೇ.

ಇನ್ನೊಂದು ಗೊಂದಲ ಹೆಸರಿನಿಂದ ಬರುವುದು. ಮಧ್ಯರೇಖೆಯೂ ಲಂಬಾರ್ಧಕವೂ ಎರಡೂ ಬಾಹುವಿನ ಮಧ್ಯಬಿಂದುವನ್ನು ಮುಟ್ಟುತ್ತವೆ. ಲಂಬಾರ್ಧಕ ಅಲ್ಲಿಂದ ನೆಟ್ಟಗೆ ಮೇಲೇಳುತ್ತದೆ, ಶೃಂಗದ ಗೊಡವೆ ಅದಕ್ಕಿಲ್ಲ. ಮಧ್ಯರೇಖೆ ಶೃಂಗಕ್ಕೆ ಹೋಗಲೇಬೇಕು, ಲಂಬ ಕೋನದ ಗೊಡವೆ ಅದಕ್ಕಿಲ್ಲ. ಕಾಗದ ಮಡಚಿ ಕಲಿಸುವಾಗ ಇದು ಇನ್ನೂ ಹೆಚ್ಚು. ಬ ಮೂಲೆಯನ್ನು ಕ ಮೂಲೆಯ ಮೇಲಿಟ್ಟು ಮಡಚಿದರೆ ಬರುವ ಗೀಟು ಲಂಬಾರ್ಧಕ. ಅನೇಕರು ಅದನ್ನೇ ಮಧ್ಯರೇಖೆ ಎಂದು ಬರೆದುಬಿಡುತ್ತಾರೆ. ಮಧ್ಯರೇಖೆ ಬೇಕಿದ್ದರೆ ಕಾಗದವನ್ನು ಪೂರ್ತಿ ಮಡಚಬೇಡಿ. ಅಂಚಿನಲ್ಲಿ ಮಾತ್ರ ಚಿವುಟಿ ಮಧ್ಯಬಿಂದು ಗುರುತು ಮಾಡಿಕೊಂಡು, ಆಮೇಲೆ ಅ ಮತ್ತು ಆ ಗುರುತು ಎರಡರ ಮೂಲಕವೂ ಹಾಯುವಂತೆ ಎರಡನೇ ಸಲ ಮಡಚಿ. ಅ-ಬ ಅಂಚನ್ನು ಅ-ಕ ಅಂಚಿನ ಮೇಲಿಟ್ಟರೆ ಕೋನಾರ್ಧಕ. ಬ-ಕ ಅಂಚು ತನ್ನ ಮೇಲೇ ಕೂರುವಂತೆ, ಗೀಟು ಅ ಮೂಲಕ ಹಾಯುವಂತೆ ಮಡಚಿದರೆ ಲಂಬ.

ಪಾಠ ತಯಾರಿಗೆ ಮೊಬೈಲಿನಲ್ಲಿ ಹುಡುಕುವವರಿಗೆ ಒಂದು ಮಾತು. 'ಮೀಡಿಯನ್' ಎಂದು ಹುಡುಕಿದರೆ ಸಂಖ್ಯಾಶಾಸ್ತ್ರದ ಮಧ್ಯಾಂಕವೂ ಬಂದು ಮೇಲೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ನಮ್ಮಲ್ಲಿ ಬೇರೆ.

ಲಕ್ಷಣ: ಅಳತೆ ಮಾಡಿದ ಮಧ್ಯರೇಖೆಯ ಉದ್ದ ನಂಬುವಂತಿಲ್ಲ

ಎರಡು ಪರೀಕ್ಷೆ. ಒಂದು ಕಣ್ಣಳತೆಯದು: ಅತಿ ಚಿಕ್ಕ ಬಾಹುವಿಗೆ ಹೋಗುವ ಮಧ್ಯರೇಖೆ ಅತಿ ಉದ್ದ, ಅತಿ ದೊಡ್ಡ ಬಾಹುವಿಗೆ ಹೋಗುವುದು ಅತಿ ಗಿಡ್ಡ. ಮೇಲಿನ ಅಂಕಿಗಳಲ್ಲಿ 13ಕ್ಕೆ 12.97, 15ಕ್ಕೆ 11.24 ಬಂದಿರುವುದು ಹೀಗೆ. ಎರಡನೆಯದು ಅಪೊಲೋನಿಯಸ್ ಪ್ರಮೇಯ: ಅಕ್ಕಪಕ್ಕದ ಎರಡು ಬಾಹುಗಳ ವರ್ಗಗಳ ಮೊತ್ತ, ಮಧ್ಯರೇಖೆಯ ವರ್ಗ ಮತ್ತು ಅರ್ಧ ಬಾಹುವಿನ ವರ್ಗ ಇವೆರಡರ ಮೊತ್ತದ ದುಪ್ಪಟ್ಟು. 169 ಮತ್ತು 225 ಕೂಡಿದರೆ 394. ಆ ಕಡೆ 148 ಮತ್ತು 49 ಕೂಡಿ 197, ದುಪ್ಪಟ್ಟು 394. 148ರ ವರ್ಗಮೂಲ 12.17. ಸರಿಹೋಯಿತು.

ಬಾಯಿಲೆಕ್ಕದಲ್ಲಿ ಹೆಚ್ಚು ಅಂಕ ಹೋಗುವ ಜಾಗ ಇಲ್ಲೊಂದಿದೆ. ಶೃಂಗದಿಂದ ಗುರುತ್ವಕೇಂದ್ರಕ್ಕೆ 6 ಸೆಂ.ಮೀ. ಎಂದು ಕೊಟ್ಟು ಪೂರ್ತಿ ಮಧ್ಯರೇಖೆ ಕೇಳಿದರೆ ಉತ್ತರ 9. 'ದುಪ್ಪಟ್ಟು' ಎಂಬ ಮಾತು ತಲೆಯಲ್ಲಿ ಉಳಿದವರು 12 ಬರೆಯುತ್ತಾರೆ. ಎರಡರಷ್ಟು ಎನ್ನುವುದು ಚಿಕ್ಕ ತುಂಡಿಗೆ ಹೋಲಿಸಿದ್ದು. ಪೂರ್ತಿ ಗೆರೆಗೆ ಹೋಲಿಸಿದರೆ ಅದು ಮೂರನೇ ಎರಡು.

ಲಕ್ಷಣ: ಕೇಂದ್ರ ತ್ರಿಭುಜದ ಹೊರಗೆ ಬಿದ್ದಿದೆ

ಯಾವ ಕೇಂದ್ರ ಎನ್ನುವುದರ ಮೇಲೆ ನಿಂತಿದೆ. ಗುರುತ್ವಕೇಂದ್ರ ಅಥವಾ ಅಂತಃಕೇಂದ್ರ ಹೊರಗೆ ಬಿದ್ದರೆ ತಪ್ಪಾಗಿದೆ, ಎರಡನೇ ಮಾತಿಲ್ಲ. ಲಂಬಕೇಂದ್ರ ಅಥವಾ ಪರಿಕೇಂದ್ರ ಹೊರಗೆ ಬಿದ್ದರೆ ತ್ರಿಭುಜದಲ್ಲಿ ವಿಶಾಲಕೋನ ಇದೆಯೇ ನೋಡಿ. ಇದ್ದರೆ ಅದು ಹೊರಗೇ ಇರಬೇಕು. ಲಂಬಕೋನ ತ್ರಿಭುಜದಲ್ಲಿ ಲಂಬಕೇಂದ್ರ ಆ ಲಂಬಕೋನದ ಮೂಲೆಯೇ, ಪರಿಕೇಂದ್ರ ವಿಕರ್ಣದ ಮಧ್ಯಬಿಂದು.

ವಿಶಾಲಕೋನದಲ್ಲಿ ಲಂಬ ಎಳೆಯಲು ಬರದೆ ಒದ್ದಾಡುವವರು ಬಾಹುವನ್ನು ಚುಕ್ಕೆ ಗೆರೆಯಲ್ಲಿ ಹೊರಕ್ಕೆ ಬೆಳೆಸಿರುವುದಿಲ್ಲ. ಪಾದ ಬಾಹುವಿನ ಒಳಗೇ ಬೀಳಬೇಕೆಂದು ಹಟ ಹಿಡಿದು ಓರೆ ಗೆರೆ ಎಳೆಯುತ್ತಾರೆ.

ಪರಿಕೇಂದ್ರದ ಹಠಮಾರಿತನ ನೋಡಬೇಕಿದ್ದರೆ ನಮ್ಮ ಜಿಲ್ಲೆಗಳ ನಕ್ಷೆಯೇ ಸಾಕು. ಹಾಸನ, ಬೇಲೂರು, ಚಿಕ್ಕಮಗಳೂರು ಮೂರಕ್ಕೂ ಚುಕ್ಕಿ ಇಟ್ಟು ನೇರ ದೂರ ಅಳೆಯಿರಿ, ರಸ್ತೆಯ ದೂರ ಬೇಡ. ಹಾಸನ–ಬೇಲೂರು ಸುಮಾರು 31 ಕಿ.ಮೀ., ಬೇಲೂರು–ಚಿಕ್ಕಮಗಳೂರು ಸುಮಾರು 20, ಹಾಸನ–ಚಿಕ್ಕಮಗಳೂರು ಸುಮಾರು 49. ಮೊದಲೆರಡು ಕೂಡಿದರೆ 51. ಅಂದರೆ ತ್ರಿಭುಜ ಬಹುಪಾಲು ಚಪ್ಪಟೆ, ಬೇಲೂರಿನಲ್ಲಿ ಕೋನ 147 ಡಿಗ್ರಿ ಆಸುಪಾಸು. ಈ ಅಂಕಿಗಳಿಂದ ಪರಿವೃತ್ತದ (ಮೂರೂ ಶೃಂಗಗಳ ಮೇಲೆ ಹಾಯುವ ವೃತ್ತದ) ತ್ರಿಜ್ಯ 45 ಕಿ.ಮೀ. ಬರುತ್ತದೆ. ಮೂರೂ ಊರಿಗೆ ಸಮದೂರದ ಆ ಬಿಂದು ಬೇಲೂರಿನ ಬಳಿ ಎಲ್ಲೂ ಇಲ್ಲ, ಈಶಾನ್ಯಕ್ಕೆ, ಅರಸೀಕೆರೆ ದಿಕ್ಕಿಗೆ ಹೋಗಿ ಬೀಳುತ್ತದೆ. ಈಗ 49ರ ಬದಲು 50 ಎಂದು ಅಳೆಯಿರಿ. ತ್ರಿಜ್ಯ 63 ಕಿ.ಮೀ.ಗೆ ಹಾರುತ್ತದೆ! ಒಂದು ಕಿ.ಮೀ. ಅಳತೆ ತಪ್ಪಿಗೆ ಹದಿನೆಂಟು ಕಿ.ಮೀ. ವ್ಯತ್ಯಾಸ. ಕಾರಣ ಸರಳ. ಎರಡು ಲಂಬಾರ್ಧಕಗಳು ಹೆಚ್ಚುಕಮ್ಮಿ ಸಮಾಂತರವಾಗಿ ಹೋಗಿ ಬಹಳ ದೂರದಲ್ಲಿ ಒಂದನ್ನೊಂದು ಸವರುತ್ತವೆ. ಕತ್ತರಿಸುವ ಕೋನ ಕಿರಿದಾದಷ್ಟೂ ಛೇದಬಿಂದು ಅಲೆದಾಡುತ್ತದೆ. ಅದೇ ಮೂರು ಊರುಗಳ ಗುರುತ್ವಕೇಂದ್ರ ಅಷ್ಟೇ ಅಳತೆ ತಪ್ಪಿಗೆ ಒಂದು ಕಿ.ಮೀ. ಕೂಡ ಕದಲುವುದಿಲ್ಲ. ಆದ್ದರಿಂದ ಚಪ್ಪಟೆ ತ್ರಿಭುಜದಲ್ಲಿ ಪರಿಕೇಂದ್ರವನ್ನು ಕೈವಾರದಿಂದ ಹುಡುಕಬೇಡಿ, ಲೆಕ್ಕದಿಂದ ಹುಡುಕಿ.

ಲಕ್ಷಣ: ವೃತ್ತ ಶೃಂಗಗಳಿಗೆ ಬರುತ್ತಿಲ್ಲ, ಅಥವಾ ಬಾಹುವನ್ನು ದಾಟಿ ಹೊರಹೋಗಿದೆ

ಪರಿವೃತ್ತ ಎರಡು ಶೃಂಗಗಳ ಮೇಲೆ ಹಾಯ್ದು ಮೂರನೆಯದನ್ನು ತಪ್ಪಿಸಿದರೆ ಲಂಬಾರ್ಧಕ ಓರೆಯಾಗಿದೆ. ಇಲ್ಲಿ ದೋಷ ಕೈವಾರದ ಅಗಲದ್ದು. 10 ಸೆಂ.ಮೀ. ಬಾಹುವಿಗೆ 5.2 ಸೆಂ.ಮೀ. ಅಗಲ ತೆಗೆದುಕೊಂಡರೆ ಮೇಲಿನ ಛೇದಕ್ಕೂ ಕೆಳಗಿನದಕ್ಕೂ ನಡುವೆ ಮೂರು ಸೆಂ.ಮೀ. ಕೂಡ ಸಿಗುವುದಿಲ್ಲ. ಜೊತೆಗೆ ಕಂಸಗಳು ಒಂದನ್ನೊಂದು ಉಜ್ಜಿದಂತೆ ಹಾಯುವುದರಿಂದ ಛೇದ ಎಲ್ಲಿ ಎಂದೇ ತಿಳಿಯುವುದಿಲ್ಲ. ಅಷ್ಟು ಹತ್ತಿರದ ಎರಡು ಚುಕ್ಕಿಗಳಿಂದ ಉದ್ದ ಗೆರೆ ಎಳೆದರೆ ಅದು ವಾಲುವುದು ಸಹಜ. ಅಗಲವನ್ನು 7 ಸೆಂ.ಮೀ.ಗೆ ಏರಿಸಿದರೆ ಛೇದಗಳ ಅಂತರ 9.8 ಸೆಂ.ಮೀ., ಕಂಸಗಳೂ ಒಂದನ್ನೊಂದು ಲಂಬವಾಗಿ ಕತ್ತರಿಸುತ್ತವೆ. ಬಾಹುವಿನ ಹತ್ತನೇ ಏಳು ಪಾಲು ಎಂದು ನೆನಪಿಡಿ. ಅರ್ಧಕ್ಕಿಂತ ಕಡಿಮೆ ತೆಗೆದುಕೊಂಡರೆ ಕಂಸಗಳು ಸೇರುವುದೇ ಇಲ್ಲ, ಅದು ಎಲ್ಲರಿಗೂ ಗೊತ್ತು. ಅರ್ಧಕ್ಕಿಂತ ಚೂರೇ ಹೆಚ್ಚು ತೆಗೆದುಕೊಂಡರೂ ಕೆಡುತ್ತದೆ ಎನ್ನುವುದನ್ನು ಯಾರೂ ಹೇಳುವುದಿಲ್ಲ.

ಮೂರೂ ಬಾಹುಗಳನ್ನು ಒಳಗಿನಿಂದ ಮುಟ್ಟಬೇಕಾದ ಅಂತಃವೃತ್ತ ಬಾಹುವನ್ನು ದಾಟಿದರೆ ತ್ರಿಜ್ಯ ತಪ್ಪು ಗೆರೆಯ ಮೇಲಿಂದ ಬಂದಿದೆ. ಅಂತಃಕೇಂದ್ರದಿಂದ ಕೋನಾರ್ಧಕದ ಪಾದದವರೆಗೆ ಅಳೆಯಬಾರದು, ಬಾಹುವಿಗೆ ಲಂಬ ಇಳಿಸಿ ಅದನ್ನು ಅಳೆಯಬೇಕು. 6, 8, 10 ಸೆಂ.ಮೀ. ಲಂಬಕೋನ ತ್ರಿಭುಜದಲ್ಲಿ ಸರಿಯಾದ ತ್ರಿಜ್ಯ 2 ಸೆಂ.ಮೀ. ಎಂಟರ ಬಾಹುವಿನ ಮೇಲಿರುವ ಕೋನಾರ್ಧಕದ ಪಾದಕ್ಕೆ ಅಳೆದರೆ 2.24 ಬರುತ್ತದೆ, ವೃತ್ತ 2.4 ಮಿ.ಮೀ. ಹೊರಗೆ ಇಣುಕುತ್ತದೆ. 13-14-15ರಲ್ಲಿ ಇದೇ ತಪ್ಪು ಮಾಡಿದರೆ ಬ-ಕ ಕಡೆ 4ರ ಬದಲು 4.03 ಅಷ್ಟೆ, ಕಣ್ಣಿಗೇ ಕಾಣದು. ಹಾಗಾಗಿ ಈ ಒಂದು ದೋಷಕ್ಕೆ ನಮ್ಮ ಪರೀಕ್ಷಾ ತ್ರಿಭುಜ ಸಾಲದು.

ಲಕ್ಷಣ: ನಿರ್ದೇಶಾಂಕದ ಲೆಕ್ಕದಲ್ಲಿ ಗುರುತ್ವಕೇಂದ್ರ ಎಲ್ಲೋ ಹೋಗಿದೆ

ಶೃಂಗಗಳು (-3, 7), (5, -2), (4, 1) ಎನ್ನಿ. ಮೊದಲ ಅಂಕಿಗಳ ಮೊತ್ತ 6, ಮೂರರಿಂದ ಭಾಗಿಸಿದರೆ 2. ಎರಡನೇ ಅಂಕಿಗಳ ಮೊತ್ತವೂ 6, ಅದೂ 2. ಕೇಂದ್ರ (2, 2). ಋಣ ಚಿಹ್ನೆ ಬಿಟ್ಟವರಿಗೆ ಮೊದಲನೆಯದು 4 ಬರುತ್ತದೆ, ಮಧ್ಯಬಿಂದುವಿನ ರೂಢಿಯಲ್ಲಿ ಎರಡರಿಂದ ಭಾಗಿಸಿದವರಿಗೆ 3. ಪರಿಶೀಲನೆಗೆ ಪ್ರತಿ ಶೃಂಗದಿಂದಲೂ ಕೇಂದ್ರವನ್ನು ಕಳೆಯಿರಿ: -5, 3, 2. ಮೊತ್ತ ಸೊನ್ನೆ. ಇನ್ನೊಂದು ಕಡೆ 5, -4, -1. ಅದೂ ಸೊನ್ನೆ. ಸೊನ್ನೆ ಬಾರದಿದ್ದರೆ ಉತ್ತರ ಪತ್ರಿಕೆ ಕೊಡಬೇಡಿ. ಕೇಂದ್ರ ಕೊಟ್ಟು ಮೂರನೇ ಶೃಂಗ ಕೇಳಿದಾಗ ಮೊದಲು ಕೇಂದ್ರವನ್ನು ಮೂರರಿಂದ ಗುಣಿಸಿ, ಆಮೇಲೆ ಉಳಿದೆರಡನ್ನು ಕಳೆಯಿರಿ.

ಕಂಪ್ಯೂಟರಿನಲ್ಲಿ ಜಿಯೋಜೆಬ್ರಾ ಎಂಬ ರೇಖಾಗಣಿತದ ತಂತ್ರಾಂಶ ಬಳಸುವವರು ಶೃಂಗವನ್ನು ಹಿಡಿದು ಎಳೆದು ನೋಡಿ. ಮಧ್ಯಬಿಂದುವನ್ನು ಉಪಕರಣದಿಂದ ಹಾಕಿದ್ದರೆ ಗೆರೆಗಳು ಜೊತೆಯಲ್ಲೇ ಓಡಾಡುತ್ತವೆ. ಕಣ್ಣಂದಾಜಿನಲ್ಲಿ ಚುಕ್ಕಿ ಇಟ್ಟಿದ್ದರೆ ಎಳೆದ ತಕ್ಷಣ ಚದುರುತ್ತವೆ.

ಲಕ್ಷಣ: ಜಮೀನಿನ ಮೇಲೆ ಮೂರು ಪಾಲು ಸಮ ಬರುತ್ತಿಲ್ಲ

ಪುಸ್ತಕದ ಮೂರು ಮಿಲಿಮೀಟರ್ ಹೊಲದಲ್ಲಿ ಎಷ್ಟಾಗುತ್ತದೆ ಎಂದು ನೋಡಲು ಅದೇ ತ್ರಿಭುಜವನ್ನು ಸರ್ವೆ ಚೈನಿಗೆ ಏರಿಸೋಣ. ನಮ್ಮ ಚೈನು 33 ಅಡಿ, 16 ಆಣೆ. ಒಂದು ಚದರ ಚೈನು ಅಂದರೆ 1089 ಚದರ ಅಡಿ, ಒಂದು ಗುಂಟೆ. ಬಾಹುಗಳು 13, 14, 15 ಚೈನು ಇರುವ ಆಲೂಗಡ್ಡೆ ಹೊಲದ ವಿಸ್ತೀರ್ಣ 84 ಗುಂಟೆ, ಅಂದರೆ 2 ಎಕರೆ 4 ಗುಂಟೆ.

ಮೂವರು ಅಣ್ಣತಮ್ಮಂದಿರಿಗೆ ಮೂರು ಬದುಗಳೂ ಒಂದೊಂದು ಬರುವಂತೆ ಸಮಪಾಲು ಮಾಡಬೇಕು. ಗುರುತ್ವಕೇಂದ್ರದಲ್ಲಿ ಕಲ್ಲು ನೆಟ್ಟು ಮೂರು ಮೂಲೆಗಳಿಗೆ ದಾರ ಹಿಡಿದರೆ ತಲಾ 28 ಗುಂಟೆ. ಕಲ್ಲಿನ ಜಾಗ ಹುಡುಕಲು ಮೂರು ಮಧ್ಯರೇಖೆಯೂ ಬೇಕಿಲ್ಲ. 14 ಚೈನಿನ ಬದುವಿನ ಮೇಲೆ 7 ಚೈನು ನಡೆದು, ಅಲ್ಲಿಂದ ಎದುರು ಮೂಲೆಯ ಕಡೆಗೆ ಮಧ್ಯರೇಖೆಯ ಮೂರನೇ ಒಂದು ಪಾಲು, ಇಲ್ಲಿ 134 ಅಡಿ, ಹೋಗಿ. ಇನ್ನೊಂದು ಬದುವಿನಿಂದಲೂ ಇದನ್ನೇ ಮಾಡಿದರೆ ತಾಳೆ ಆಯಿತು.

ಕಲ್ಲನ್ನು ಅಂತಃಕೇಂದ್ರದಲ್ಲಿ ನೆಟ್ಟರೆ? ಅದು ಸರಿಯಾದ ಜಾಗದಿಂದ ಬರೀ 11 ಅಡಿ ಆಚೆ. ಪಾಲು ಮಾತ್ರ 26, 28, 30 ಗುಂಟೆ ಆಗುತ್ತದೆ, ಏಕೆಂದರೆ ಆ ಬಿಂದುವಿನಿಂದ ಮೂರು ಬದುಗಳಿಗೂ ದೂರ ಒಂದೇ, ಉದ್ದ ಬದು ಸಿಕ್ಕವನಿಗೆ ಹೆಚ್ಚು ನೆಲ. ಒಬ್ಬನಿಗೆ 2 ಗುಂಟೆ ಹೋಯಿತು, ಇನ್ನೊಬ್ಬನಿಗೆ 2 ಗುಂಟೆ ಬಂತು. ಕೋರ್ಟಿಗೆ ಹೋಗಲು ಅಷ್ಟು ಸಾಕು.

ಅಂತಃಕೇಂದ್ರಕ್ಕೂ ಅದರದೇ ಕೆಲಸವಿದೆ. ಮೂರು ಬದುಗಳಿಗೂ ಸಮದೂರದಲ್ಲಿ ಬೋರ್‌ವೆಲ್ ಬೇಕಿದ್ದರೆ ಅಲ್ಲಿ, ದೂರ 4 ಚೈನು, 132 ಅಡಿ. ಮೂರು ಮೂಲೆಗಳಿಗೂ ಒಂದೇ ಉದ್ದದ ಪೈಪು ಬೇಕಿದ್ದರೆ ಪರಿಕೇಂದ್ರದಲ್ಲಿ, ಉದ್ದ 8 ಚೈನು 2 ಆಣೆ, ಸುಮಾರು 268 ಅಡಿ. ಪ್ರಶ್ನೆ ಯಾವುದು ಎಂದು ಮೊದಲು ಕೇಳಿಕೊಳ್ಳದೆ 'ನಡುಮಧ್ಯ' ಎಂದು ಗೂಟ ಹೊಡೆದರೆ ಮೂರರಲ್ಲಿ ಯಾವುದೂ ಆಗುವುದಿಲ್ಲ.

ಮಧ್ಯರೇಖೆಗಳು ಮಾಡುವ ಆರು ತುಂಡುಗಳು ತಲಾ 14 ಗುಂಟೆ. ವಿಸ್ತೀರ್ಣ ಸಮ, ಆಕಾರ ಬೇರೆಬೇರೆ. ಆರೂ ಸರ್ವಸಮ ಎಂದು ಬರೆದರೆ ತಪ್ಪು.

ಮಲೆನಾಡಿನ ಕಾಫಿ ತೋಟಗಳಲ್ಲಿ ಇಳಿಜಾರಿನ ಮೇಲೆ ಟೇಪು ಹಿಡಿದಾಗ ಮತ್ತೊಂದು ದೋಷ ಹುಟ್ಟುತ್ತದೆ. ಅಡ್ಡಕ್ಕೆ 100 ಅಡಿ ಹೋಗುವಾಗ 20 ಅಡಿ ಏರಿದರೆ ಟೇಪು 102 ತೋರಿಸುತ್ತದೆ. ಇಡೀ ತುಂಡು ಒಂದೇ ಸಮನೆ ಇಳಿಜಾರಾಗಿದ್ದರೆ ಮಧ್ಯಬಿಂದುವಿಗೂ ಗುರುತ್ವಕೇಂದ್ರಕ್ಕೂ ಏನೂ ಆಗುವುದಿಲ್ಲ. ಇಳಿಜಾರಿನ ಮೇಲೆ ಅಳೆದು ನೆಟ್ಟ ಕಲ್ಲು ನಕ್ಷೆಯ ಗುರುತ್ವಕೇಂದ್ರಕ್ಕೆ ಸರಿಯಾಗಿ ಮೇಲೇ ಇರುತ್ತದೆ. ಅಂತಃಕೇಂದ್ರ, ಪರಿಕೇಂದ್ರ, ಲಂಬಗಳಿಗೆ ಈ ರಿಯಾಯಿತಿ ಇಲ್ಲ, ಇಳಿಜಾರು ಕೋನಗಳನ್ನೇ ಬದಲಿಸುವುದರಿಂದ ಅವು ಜರುಗುತ್ತವೆ. ಬದುವಿನ ಅರ್ಧ ಗದ್ದೆಯ ಸಮತಟ್ಟು, ಅರ್ಧ ಗುಡ್ಡ ಎಂಬಂತಿದ್ದರೆ ಮಧ್ಯಬಿಂದುವೂ ಕೆಡುತ್ತದೆ. ಅಲ್ಲಿ ಟೇಪನ್ನು ಮಟ್ಟವಾಗಿ ಹಿಡಿದು, ತೂಗುಗುಂಡು ಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿಯೇ ಅಳೆಯಬೇಕು.

ಲಕ್ಷಣ: ನಾಲ್ಕು ಕೇಂದ್ರ ಸಿಕ್ಕವು, ಆದರೆ ನಂಬಿಕೆ ಬರುತ್ತಿಲ್ಲ

ಲಂಬಕೇಂದ್ರ, ಗುರುತ್ವಕೇಂದ್ರ, ಪರಿಕೇಂದ್ರ ಮೂರೂ ಒಂದೇ ಸರಳರೇಖೆಯ ಮೇಲಿರಬೇಕು. 1765ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದ ಈ ರೇಖೆಯ ಮೇಲೆ ಲಂಬಕೇಂದ್ರದಿಂದ ಗುರುತ್ವಕೇಂದ್ರಕ್ಕೆ ಇರುವ ದೂರ, ಅಲ್ಲಿಂದ ಪರಿಕೇಂದ್ರಕ್ಕೆ ಇರುವ ದೂರದ ಎರಡರಷ್ಟು. ನಮ್ಮ ಅಂಕಿಗಳಲ್ಲಿ 5ರಿಂದ 6.33ಕ್ಕೆ 1.33, 6.33ರಿಂದ 7ಕ್ಕೆ 0.67. ಮೂರರಲ್ಲಿ ಒಂದು ಗೆರೆಯಿಂದ ಆಚೆ ನಿಂತರೆ ಅದನ್ನೇ ಮೊದಲು ಪರೀಕ್ಷಿಸಿ. ಅಂತಃಕೇಂದ್ರವನ್ನು ಈ ಸಾಲಿಗೆ ಎಳೆಯಬೇಡಿ, ಸಮದ್ವಿಬಾಹು ಅಲ್ಲದಿದ್ದರೆ ಅದು ಈ ರೇಖೆಯ ಮೇಲೆ ಇರುವುದಿಲ್ಲ.

ಲಕ್ಷಣ: ರಟ್ಟು ಕತ್ತರಿಸಿದೆವು, ಪೆನ್ಸಿಲ್ ತುದಿಯ ಮೇಲೆ ನಿಲ್ಲುತ್ತಿಲ್ಲ

ರಟ್ಟು ಒಂದೇ ದಪ್ಪದ್ದೇ ನೋಡಿ. ಅಂಗಡಿ ಡಬ್ಬದ ಅಲೆಅಲೆ ರಟ್ಟು, ಅಂಟು ಮೆತ್ತಿದ ರಟ್ಟು, ಒಂದು ಮೂಲೆ ನೆನೆದು ಒಣಗಿದ್ದು ಯಾವುದೂ ಆಗದು. ಮದುವೆ ಆಹ್ವಾನ ಪತ್ರಿಕೆಯ ಬರಿ ರಟ್ಟು ಚೆನ್ನಾಗಿ ಕೆಲಸ ಕೊಡುತ್ತದೆ, ಚಿನ್ನದ ಬಣ್ಣದ ಉಬ್ಬಚ್ಚು ಇರುವ ಭಾಗ ಬಿಟ್ಟು ಕತ್ತರಿಸಿ. ಚೂಪು ತುದಿಗಿಂತ ಪೆನ್ಸಿಲಿನ ಮೊಂಡು ಹಿಂಬದಿ ಅನುಕೂಲ. ಅದರ ಮೇಲೂ ನಿಲ್ಲದಿದ್ದರೆ ಒಂದು ಮೂಲೆಗೆ ಗುಂಡುಪಿನ್ನು ಚುಚ್ಚಿ, ದಾರಕ್ಕೆ ಕಲ್ಲು ಕಟ್ಟಿ ಅದೇ ಪಿನ್ನಿನಿಂದ ಇಳಿಬಿಡಿ. ದಾರ ಎದುರು ಬಾಹುವಿನ ಮಧ್ಯಬಿಂದುವಿನ ಮೇಲೆ ಹಾಯಬೇಕು. ಹಾಯದಿದ್ದರೆ ಪಿನ್ನಿನ ತೂತು ಬಿಗಿಯಾಗಿದೆ, ರಟ್ಟು ತಾನಾಗಿ ತೂಗಾಡುವಷ್ಟು ಸಡಿಲಿಸಿ. ತೂತು ಮೂಲೆಯಿಂದ ಬಹಳ ಒಳಗಿದ್ದರೂ ದಾರ ಮಧ್ಯರೇಖೆಯಿಂದ ಜರುಗುತ್ತದೆ.

ರಟ್ಟಿನ ಬದಲು ಕಟ್ಟುತಂತಿ ಬಗ್ಗಿಸಿ ತ್ರಿಭುಜ ಮಾಡಿದವರಿಗೆ ಲೆಕ್ಕ ತಪ್ಪುವುದು ಬೇರೆ ಕಾರಣಕ್ಕೆ. ತಂತಿಯಲ್ಲಿ ತೂಕ ಇರುವುದು ಬಾಹುಗಳ ಮೇಲೆ ಮಾತ್ರ, ಉದ್ದ ಬಾಹುವಿಗೆ ಹೆಚ್ಚು. ಒಳಗೆ ತುಂಬಿದ ರಟ್ಟಿನದ್ದೂ, ಮೂರು ಮೂಲೆಗೆ ಸಮ ತೂಕ ಕಟ್ಟಿದ್ದೂ ಗುರುತ್ವಕೇಂದ್ರದಲ್ಲೇ ನಿಲ್ಲುತ್ತದೆ, ತಂತಿಯದ್ದು ನಿಲ್ಲುವುದಿಲ್ಲ. 13-14-15ರ ತಂತಿ ಸಮತೋಲಕ್ಕೆ ಬರುವ ಬಿಂದು ಅಡ್ಡಕ್ಕೆ 6.5, ಮೇಲಕ್ಕೆ 4. ಅಲ್ಲಿ ತಂತಿಯೇ ಇಲ್ಲದ್ದರಿಂದ ಪೆನ್ಸಿಲಿಗೆ ಆಸರೆಯೂ ಇಲ್ಲ. ಒಂದೊಂದೇ ಮೂಲೆಯಿಂದ ತೂಗುಬಿಟ್ಟು, ಹಿಂದೆ ಹಿಡಿದ ಕಾಗದದ ಮೇಲೆ ತಂತಿಯ ಜಾಡನ್ನೂ ದಾರದ ಜಾಡನ್ನೂ ಒಟ್ಟಿಗೆ ಗುರುತಿಸಿಕೊಂಡೇ ಅದನ್ನು ಹಿಡಿಯಬೇಕು.